ಅಡಿಪಟ್ಟಿಯವರ ಲೇನ್

ನಮ್ಮ ಕಚೇರಿಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಎದುರಿಗೆ ‘ಸಾರ್’, ಬೆನ್ನ ಹಿಂದೆ ‘ಅಡಿಪಟ್ಟಿ’. ಆ ಹೆಸರಿಟ್ಟವಳು ನಾನೇ. ಟೈಪಿಸ್ಟಾಗಿ ಸೇರಿದ ಎರಡನೇ ವಾರದಲ್ಲೇ ಇಟ್ಟೆ. ಆಗ ನನಗೆ ಇಪ್ಪತ್ತೆರಡು, ಬಾಯಿಗೆ ಬ್ರೇಕು ಇರಲಿಲ್ಲ. ತೆಳ್ಳಗೆ, ನೆಟ್ಟಗೆ, ಬಗ್ಗಿಸಿದರೆ ಮುರಿದಾರು ಅನ್ನುವ ಹಾಗಿದ್ದ ಮನುಷ್ಯ ಅವರು. ಹದಿನಾರು ವರ್ಷ ಕಳೆದ ಮೇಲೆ ಅವರನ್ನು ಬಗ್ಗಿಸಿದವಳೂ ನಾನೇ. ಅದನ್ನು ಯಾರಿಗಾದರೂ ಹೇಳದೆ ಸಾಯಬಾರದು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಊರಿನ ರಸ್ತೆಗಳ ಕಚೇರಿ. ಎರಡನೇ ಮಹಡಿಯ ಕೊನೆಯ ಕೋಣೆಯೇ ನಕ್ಷೆ ಕೋಣೆ. ಕಿಟಕಿಯ ಬಳಿ ಅವರ ಓರೆಮೇಜು, ಗೋಡೆಗುಂಟ ತಗಡಿನ ಕೊಳವೆಗಳಲ್ಲಿ ಸುತ್ತಿಟ್ಟ ನಕ್ಷೆಗಳು, ಬಾಗಿಲ ಬಳಿ ನನ್ನ ಟೈಪ್ ಯಂತ್ರ. ಇಡೀ ಮಹಡಿಗೆ ಇದ್ದ ಒಂದೇ ಫೋನು ನನ್ನ ಮೇಜಿನ ಮೇಲೆ. ಊರಿನಲ್ಲಿರುವ ಪ್ರತಿಯೊಂದು ದಾರಿಯನ್ನೂ ಅಳೆದು, ನಕ್ಷೆಯಲ್ಲಿ ಗೆರೆ ಎಳೆದು, ಪಟ್ಟಿಯಲ್ಲಿ ಅದರ ಹೆಸರು ಬರೆಯುವುದು ಅವರ ಕೆಲಸ. ಅವರು ಬರೆದ ಪಟ್ಟಿಯನ್ನು ಟೈಪು ಮಾಡುವುದು ನನ್ನ ಕೆಲಸ. ವರ್ಷಕ್ಕೊಮ್ಮೆ ಅದರ ಪ್ರತಿಗಳು ಅಂಚೆ ಕಚೇರಿಗೆ, ಬೆಂಕಿ ನಂದಿಸುವವರಿಗೆ, ಆಂಬುಲೆನ್ಸ್ ಠಾಣೆಗೆ ಹೋಗುತ್ತಿದ್ದವು.

ಪಟ್ಟಿ ಮೊದಲಿನಿಂದಲೂ ಇಂಗ್ಲಿಷಿನಲ್ಲಿ. ಅದರಲ್ಲಿ ದಾರಿಗೆ ಎರಡೇ ಪದಗಳು: ರೋಡ್, ಲೇನ್. ನಮ್ಮ ಭಾಷೆಯಲ್ಲಿ ಸಣ್ಣ ದಾರಿಗೆ ಪದಗಳ ಬರವೇನಿಲ್ಲ. ಓಣಿ, ಸಂದಿ, ಗಲ್ಲಿ, ಕೇರಿ, ಬೇಕಾದ್ದು ಇದೆ. ಆದರೆ ಜನ ಅವನ್ನೆಲ್ಲ ತಮಗೆ ತೋಚಿದಂತೆ ಬಳಸುತ್ತಾರೆ. ಒಬ್ಬನ ಓಣಿ ಇನ್ನೊಬ್ಬನಿಗೆ ಸಂದಿ. ಲೇನ್ ಹಾಗಲ್ಲ, ಅದಕ್ಕೊಂದು ಅಳತೆ ಇದೆ ಎನ್ನುವುದು ಅಡಿಪಟ್ಟಿಯವರ ವಾದ.

ಹೊಸದರಲ್ಲಿ ಒಂದು ದಿನ ನಾನು ಲೇನ್ ಎಂದಿದ್ದಲ್ಲಿ ರೋಡ್ ಎಂದು ಟೈಪು ಮಾಡಿಬಿಟ್ಟಿದ್ದೆ. ಅವರು ಹಾಳೆಯನ್ನು ನನ್ನ ಮುಂದಿಟ್ಟು ಕೇಳಿದರು.

“ಲೇನ್ ಅಂದ್ರೆ ಏನಮ್ಮ?”

“ಸಣ್ಣ ರೋಡು, ಸಾರ್.”

“ಎಷ್ಟು ಸಣ್ಣ?”

ನಾನು ಕೈ ಅಗಲಿಸಿ ತೋರಿಸಿದೆ. ಅವರಿಗೆ ನಗು ಬಂತು. ಅದನ್ನು ನುಂಗಿಕೊಂಡು ಹೇಳಿದರು. “ಎದುರಿಗೆ ಬಂದವರಿಗೆ ದಾರಿ ಬಿಡಬೇಕಾದ್ರೆ ನಾವು ಗೋಡೆಗೆ ಅಂಟ್ಕೋಬೇಕು, ಅದು ಲೇನ್. ಗಾಡಿ ಒಳಗೆ ಬರಲ್ಲ, ಬಂದ್ರೂ ತಿರುಗಲ್ಲ. ಲೇನ್ ಅಂತ ಬರೆದ್ರೆ ಓದಿದವನಿಗೆ ಏನು ಗೊತ್ತಾಗಬೇಕು? ‘ದಾರಿಯ ಬಾಯಲ್ಲೇ ನಿಲ್ಲಿಸು, ಇಳಿದು ನಡಿ.’ ಅಷ್ಟೇ. ಅದು ಬೈಗುಳ ಅಲ್ಲ, ಹೊಗಳಿಕೆಯೂ ಅಲ್ಲ.”

ಹೀಗೆ ಹೇಳುವುದಕ್ಕೆ ಅವರ ಹತ್ತಿರ ಒಂದು ಆಧಾರವಿತ್ತು. ಕೋಣೆಯ ಮೂಲೆಯಲ್ಲಿ ಒಂದು ಬಿದಿರಿನ ಗಳ ನಿಂತಿರುತ್ತಿತ್ತು. ಸರಿಯಾಗಿ ಒಂಬತ್ತಡಿ, ಎರಡು ತುದಿಗೂ ಕೆಂಪು ಬಣ್ಣ. ಯಾವುದೇ ಹೊಸ ದಾರಿ ಪಟ್ಟಿಗೆ ಸೇರಬೇಕಾದರೂ ಅವರು ಆ ಗಳವನ್ನು ಅಡ್ಡ ಹಿಡಿದು, ದಾರಿಯ ಈ ಬಾಯಿಂದ ಆ ತುದಿಯವರೆಗೆ ತಾವೇ ನಡೆಯುತ್ತಿದ್ದರು. ಮನೆಯ ಮೆಟ್ಟಿಲು, ಕರೆಂಟು ಕಂಬ, ಚರಂಡಿಯ ಕಲ್ಲು, ಎಲ್ಲಿ ಒಂದೇ ಒಂದು ಕಡೆ ಗಳ ತಗುಲಿದರೂ ಆ ದಾರಿ ಲೇನ್. ಬಾಯಿ ಎಷ್ಟು ಅಗಲವಿದ್ದರೇನು, ಗಂಟಲು ಕಿರಿದಾಗಿದ್ದರೆ ತುತ್ತು ಇಳಿಯುತ್ತದೆಯೇ ಎನ್ನುತ್ತಿದ್ದರು. ಮಳೆ ಬರಲಿ, ಬಿಸಿಲಿರಲಿ, ಗಳ ಹಿಡಿಯದೆ ಒಂದು ದಾರಿಯನ್ನೂ ಬರೆಯುವುದಿಲ್ಲ ಎಂಬುದು ಅವರ ಹಟ. ಮಕ್ಕಳು ಹಿಂದೆ ಹಿಂದೆ ಬಂದು ‘ದೊಂಬರಾಟ, ದೊಂಬರಾಟ’ ಎಂದು ಕೂಗಿದರೂ ಕ್ಯಾರೇ ಅನ್ನುತ್ತಿರಲಿಲ್ಲ.

ಜನರಿಗೆ ಲೇನ್ ಬೇಡ. ತಮ್ಮ ಮನೆಯ ಮುಂದಿನ ದಾರಿಯನ್ನು ರೋಡ್ ಮಾಡಿಕೊಡಿ ಎಂದು ಅರ್ಜಿ ಹಿಡಿದು ಬರುವವರಿಗೆ ಲೆಕ್ಕವಿರಲಿಲ್ಲ. ಲಗ್ನಪತ್ರಿಕೆಯಲ್ಲಿ ಲೇನ್ ಎಂದು ಅಚ್ಚಾದರೆ ಬೀಗರು ಮೂಗು ಮುರಿಯುತ್ತಾರೆ, ಅಂಗಡಿ ಬೋರ್ಡಿನಲ್ಲಿ ಲೇನ್ ಎಂದಿದ್ದರೆ ಗಿರಾಕಿ ಬರುವುದಿಲ್ಲ, ಹೀಗೆ. ಒಬ್ಬ ಲಾರಿ ಮಾಲೀಕರಂತೂ, “ಹೆದ್ದಾರೀಲೂ ಲೇನ್ ಅಂತಾರಲ್ರೀ, ಅಲ್ಲಿ ನನ್ನ ಲಾರಿ ಓಡುತ್ತೆ, ನಮ್ಮನೆ ಲೇನಿಗೆ ಯಾಕೆ ಬರಲ್ಲ?” ಎಂದು ವಾದಕ್ಕೇ ನಿಂತರು. ಅಡಿಪಟ್ಟಿಯವರು ಅವರಿಗೆ ಟೀ ತರಿಸಿ, ಅದು ದೊಡ್ಡ ದಾರಿಯೊಳಗೆ ಗೆರೆ ಎಳೆದು ಮಾಡಿದ ಸಾಲು, ಇದು ಸಣ್ಣ ದಾರಿ, ಪದ ಒಂದೇ ಆದರೂ ಬಳಕೆ ಬೇರೆ ಎಂದು ಅರ್ಧ ಗಂಟೆ ಪಾಠ ಹೇಳಿದರು. ಆಸಾಮಿ ಟೀ ಕುಡಿದು, ನೀವು ಓದಿದವರು ಎಂದು ಕೈಮುಗಿದು ಹೋದರು. ದಾರಿ ಲೇನ್ ಆಗಿಯೇ ಉಳಿಯಿತು.

ತಮಾಷೆಯೆಂದರೆ ಅವರು ಇದ್ದದ್ದೂ ಲೇನಿನಲ್ಲೇ. ಹದಿನೇಳನೇ ಲೇನ್. ಬಾಯಿ ಹದಿನೆಂಟು ಅಡಿ, ಲಾರಿಯೂ ನುಗ್ಗೀತು. ನೂರ ನಲವತ್ತು ಅಡಿ ಒಳಗೆ ಹೋದರೆ ಇಸ್ತ್ರಿ ಅಂಗಡಿಯ ಬಳಿ ಒಂದು ತಿರುವು. ಅಲ್ಲಿ ಒಂದು ಪಕ್ಕ ಕಲ್ಲಿನ ಮೆಟ್ಟಿಲು, ಇನ್ನೊಂದು ಪಕ್ಕ ಕಂಬ, ನಡುವೆ ಏಳೂಕಾಲು ಅಡಿ. ತಿರುವು ದಾಟಿ ಇನ್ನೂ ಎಪ್ಪತ್ತು ಅಡಿ ನಡೆದರೆ ಅವರ ಮನೆ. ಆಮೇಲೆ ಗೋದಾಮಿನ ಎತ್ತರದ ಗೋಡೆ, ದಾರಿ ಅಲ್ಲಿಗೆ ಮುಗಿಯಿತು.

ಆ ಮನೆಗೆ ನಾನು ಎಷ್ಟು ಸಲ ಹೋಗಿದ್ದೇನೋ ಲೆಕ್ಕವಿಲ್ಲ. ಬರುಬರುತ್ತಾ ‘ಸಾರ್’ ಹೋಗಿ ‘ಅಣ್ಣ’ ಆಗಿತ್ತು. ಅವರ ಹೆಂಡತಿ ನನಗೆ ಅತ್ತಿಗೆ. ಮಕ್ಕಳಿಲ್ಲದ ಮನೆ, ಆದರೆ ಮಕ್ಕಳ ಬಟ್ಟೆ ತುಂಬಿದ ಮನೆ. ಅತ್ತಿಗೆ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದರು. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಹಗ್ಗದ ಮೇಲೆ ಸಾಲಾಗಿ ನೀಲಿ ಚಡ್ಡಿಗಳು. ಅವರ ಕೊರಳಲ್ಲೂ ಟೇಪು, ಇವರ ಜೇಬಲ್ಲೂ ಟೇಪು. ಗಂಡ ಹೆಂಡತಿ ಇಬ್ಬರೂ ಅಳೆಯುವವರೇ, ಅಳೆಯುವ ರೀತಿ ಮಾತ್ರ ಬೇರೆ ಬೇರೆ.

“ನೋಡಮ್ಮ, ಮಕ್ಕಳ ಬಟ್ಟೇಲಿ ನಾನು ಒಂದಿಂಚು ಒಳಗೆ ಮಡಚಿ ಬಿಡ್ತೀನಿ,” ಅತ್ತಿಗೆ ಒಮ್ಮೆ ಹೇಳಿದ್ದರು, “ಮೈ ಬೆಳೆದ್ರೆ ಬಿಚ್ಕೊಬಹುದು ಅಂತ. ನಿಮ್ಮಣ್ಣನಿಗೆ ಮಡಚೋದೇ ಗೊತ್ತಿಲ್ಲ.”

“ದಾರಿ ಬೆಳೆಯಲ್ಲ ಕಣೇ,” ಎಂದರು ಇವರು ಒಳಗಿನಿಂದ.

ಅತ್ತಿಗೆಗೆ ಒಬ್ಬ ಅಕ್ಕ ಇದ್ದರು. ದೊಡ್ಡ ರೋಡಿನಲ್ಲಿ ಮನೆ. ಬಂದಾಗಲೆಲ್ಲ ಕಾರನ್ನು ಲೇನಿನ ಬಾಯಲ್ಲಿ ಬಿಟ್ಟು, ಸೆರಗು ಗೋಡೆಗೆ ತಾಗದಂತೆ ಎತ್ತಿಕೊಂಡು ನಡೆದು ಬರುವರು. ಕೂತು ಉಸಿರು ಬಿಡುವ ಮೊದಲೇ ಶುರು. “ಅಲ್ವೇ, ನಿನ್ನ ಗಂಡ ಊರಿಗೆಲ್ಲ ರೋಡು ಬರೀತಾನೆ, ನಿನ್ನನ್ನ ಮಾತ್ರ ಸಂದೀಲಿ ಇಟ್ಟಿದ್ದಾನಲ್ಲ!” ಅತ್ತಿಗೆ ನಕ್ಕುಬಿಡುತ್ತಿದ್ದರು. ಅಕ್ಕ ಹೋದ ಮೇಲೆ ಎರಡು ದಿನ ಯಂತ್ರ ತುಳಿಯುವ ಸದ್ದು ಜೋರಾಗಿರುತ್ತಿತ್ತು ಅಷ್ಟೇ.

ತಮ್ಮ ಐವತ್ತನೇ ವಯಸ್ಸಿನಲ್ಲಿ ಅತ್ತಿಗೆಗೆ ಬಾಗಿಲಿಗೆ ಒಂದು ಬೋರ್ಡು ಹಾಕಿಸುವ ಆಸೆ ಬಂತು. ಅಷ್ಟು ವರ್ಷ ಬೋರ್ಡಿಲ್ಲದೆಯೇ ಹೊಲಿದಿದ್ದರು. ಬೋರ್ಡಿನಲ್ಲಿ ವಿಳಾಸ ಬೇಕು, ವಿಳಾಸದಲ್ಲಿ ರೋಡ್ ಎಂದಿರಬೇಕು. ಅದೇ ವರ್ಷ ಇಡೀ ಊರಿನ ದಾರಿಗಳನ್ನು ಹೊಸದಾಗಿ ಅಳೆದು ಪಟ್ಟಿ ಬದಲಾಯಿಸುವ ಕೆಲಸವೂ ನಡೆಯುತ್ತಿತ್ತು. ಒಂದು ಸಂಜೆ ಗುಂಡಿ ಹಚ್ಚುತ್ತಾ, ತಲೆ ಎತ್ತದೆ ಕೇಳಿದರು.

“ನಿಮ್ಮಣ್ಣನಿಗೆ ನೀನೇ ಒಂದ್ಮಾತು ಹೇಳಮ್ಮ. ನಾನು ಕೇಳಿದ್ರೆ ಗಳ ತೋರಿಸ್ತಾರೆ. ಇಷ್ಟು ವರ್ಷದಲ್ಲಿ ನಾನು ಏನು ಕೇಳಿದ್ದೀನಿ ಹೇಳು?”

ನಿಜ, ಅವರು ಏನೂ ಕೇಳಿದವರಲ್ಲ. ಮಾರನೆಯ ದಿನವೇ ಅಣ್ಣನ ಮೇಜಿನ ಮುಂದೆ ಹೋಗಿ ನಿಂತೆ.

“ಅಣ್ಣಾ, ಹದಿನೇಳನ್ನ ರೋಡ್ ಅಂತ ಬರೀರಿ.”

“ಗಳ ಹೋಗಲ್ಲಮ್ಮ.”

“ಗಳ ಹೋಗದೆ ಇದ್ರೆ ಮೂಲೇಲೇ ಇರಲಿ. ಒಂದು ಪದ ಬರೆದ್ರೆ ನಿಮ್ಮಪ್ಪನ ಮನೆ ಗಂಟೇನಾದ್ರೂ ಹೋಗುತ್ತಾ? ಬಾಯಿ ಹದಿನೆಂಟು ಅಡಿ ಇದೆ, ಅದನ್ನೇ ಬರೀರಿ. ಸುಳ್ಳಲ್ವಲ್ಲ? ಅತ್ತಿಗೆ ನಿಮ್ಮನ್ನ ಇನ್ನೇನು ಕೇಳಿದ್ದಾರೆ?”

ಅವರು ಕನ್ನಡಕ ತೆಗೆದು ಒರೆಸಿದರು. “ಅವಳು ನಿನ್ನ ಹತ್ರ ಹೇಳಿದ್ಲಾ?” ಎಂದರು. ಹೂಂ ಎಂದೆ. ನನ್ನ ಹತ್ತಿರ ಹೇಳುವಷ್ಟು ದೂರ ಅವಳು ಹೋಗಬೇಕಾಯಿತಲ್ಲ ಎಂದು ಅವರಿಗೆ ನೋವಾಗಿತ್ತು. ನಾನದನ್ನು ಅರ್ಥ ಮಾಡಿಕೊಂಡೆ, ಮಾಡಿಕೊಂಡೂ ಒತ್ತಿದೆ. ಗೆಲ್ಲುವ ಚಪಲ ನನಗೆ.

ಆ ವರ್ಷದ ಅಳತೆಯಲ್ಲಿ ಹದಿನೇಳು ಕೊನೆಗೆ ಉಳಿಯಿತು. ಎಲ್ಲ ದಾರಿಗಳಿಗೂ ಹೆಗಲ ಮೇಲೆ ಹೋಗಿ ಬಂದ ಗಳ, ಅದೊಂದು ದಿನ ಮೂಲೆಯಲ್ಲೇ ನಿಂತಿತ್ತು. ಅವರು ಕೂತಲ್ಲಿಯೇ ಬರೆದರು. ಅಗಲ: ಹದಿನೆಂಟು ಅಡಿ. ಹದಿನೇಳನೇ ರೋಡ್. ಇಪ್ಪತ್ತಾರು ವರ್ಷದ ನೌಕರಿಯಲ್ಲಿ ಗಳ ಹಿಡಿಯದೆ ಬರೆದ ದಾರಿ ಅದೊಂದೇ. ನಾನು ಕುಣಿಯುತ್ತಾ ಟೈಪು ಮಾಡಿದೆ.

ಅತ್ತಿಗೆಯ ಸಂತೋಷ ಹೇಳತೀರದು. ಬೋರ್ಡು ಬರೆಯುವವನ ಪಕ್ಕದಲ್ಲೇ ನಿಂತು ‘ರೋಡ್’ ಅನ್ನು ಸ್ವಲ್ಪ ದಪ್ಪಗೆ ಬರೆಸಿದರಂತೆ. ಲೇನಿನ ಇತರರೂ ಅಣ್ಣನನ್ನು ಹೊಗಳಿದ್ದೇ ಹೊಗಳಿದ್ದು. ಅಕ್ಕನಿಗೆ ಹೊಸ ವಿಳಾಸದಿಂದ ಕಾಗದ ಹೋಯಿತು. ಅದಕ್ಕೆ ಅಕ್ಕ ಏನು ಉತ್ತರ ಬರೆದರೋ ನನಗೆ ತಿಳಿಯದು. ಅಣ್ಣ ಮಾತ್ರ ಸಂಜೆ ಮನೆಗೆ ಹೋಗುವಾಗ ಆ ಬೋರ್ಡನ್ನು ನೋಡುತ್ತಿರಲಿಲ್ಲ. ಇದನ್ನು ಅತ್ತಿಗೆಯೇ ನಗುತ್ತಾ ಹೇಳಿದ್ದು.

ಹದಿನಾಲ್ಕು ತಿಂಗಳ ಮೇಲೆ ಒಂದು ಬೆಳಿಗ್ಗೆ, ಹನ್ನೊಂದು ಗಂಟೆ ಇರಬೇಕು, ನನ್ನ ಮೇಜಿನ ಫೋನು ಹೊಡೆದುಕೊಂಡಿತು. ಅಣ್ಣ ಊರಿನ ಆ ಕಡೆ ಯಾವುದೋ ಬಡಾವಣೆ ಅಳೆಯಲು ಹೋಗಿದ್ದರು. ಆಂಬುಲೆನ್ಸ್ ಠಾಣೆಯಿಂದ ಫೋನು.

“ಮೇಡಂ, ಹದಿನೇಳನೇ ರೋಡಿಗೆ ಗಾಡಿ ಹೊರಟಿದೆ. ನಮ್ಮ ಡ್ರೈವರ್ ಅದು ಸಣ್ಣದು ಅಂತಿದ್ದಾನೆ. ಹಳೇ ಪಟ್ಟೀಲಿ ಲೇನ್ ಅಂತಿದೆ, ಹೊಸದ್ರಲ್ಲಿ ರೋಡ್ ಅಂತಿದೆ. ಯಾವುದು ಸರಿ? ಗಾಡಿ ಒಳಗೆ ಹೋಗುತ್ತಾ, ಇಲ್ಲಾ ಬಾಯಲ್ಲಿ ನಿಲ್ಲಿಸಿ ಸ್ಟ್ರೆಚರ್ ತಗೊಂಡು ಓಡ್ಬೇಕಾ?”

ಇಲ್ಲಿ ನಾನು ನಿಜ ಹೇಳಬೇಕು. ಸರಿ ಯಾವುದು ಎಂದು ನನಗೆ ಗೊತ್ತಿತ್ತು. ಇಸ್ತ್ರಿ ಅಂಗಡಿಯ ತಿರುವು ಕಣ್ಣ ಮುಂದೆ ಬಂತು ಕೂಡ. ಆದರೆ ‘ಹೊಸದು ತಪ್ಪು’ ಎಂದರೆ ಅಣ್ಣ ಸುಳ್ಳು ಬರೆದದ್ದು ಬಯಲಾಗುತ್ತದೆ, ಬರೆಸಿದವಳು ನಾನು. ಆ ದಾರಿಯಲ್ಲಿ ಮೂವತ್ತು ಮನೆಗಳಿವೆ, ಯಾರಿಗೋ ಕಾಲು ಉಳುಕಿರಬಹುದು, ಡ್ರೈವರು ಹೇಗೋ ನೋಡಿಕೊಳ್ಳುತ್ತಾನೆ. ಇಷ್ಟೆಲ್ಲ ಯೋಚಿಸಲು ಎರಡು ಉಸಿರಿನಷ್ಟು ಹೊತ್ತು ಸಾಕಾಯಿತು. ಯಾರಿಗೆ ಏನಾಗಿದೆ ಎಂದು ಒಂದು ಮಾತು ಕೇಳಲಿಲ್ಲ.

“ಹೊಸ ಪಟ್ಟೀಲಿರೋದೇ ಸರಿ,” ಎಂದೆ. “ಹೋಗುತ್ತೆ.”

ಗಾಡಿ ಹೋಯಿತು. ಹದಿನೆಂಟು ಅಡಿಯ ಬಾಯಲ್ಲಿ ಸಲೀಸಾಗಿ ನುಗ್ಗಿ, ನೂರ ನಲವತ್ತು ಅಡಿ ಹೋಗಿ, ಇಸ್ತ್ರಿ ಅಂಗಡಿಯ ತಿರುವಿನಲ್ಲಿ ಮೆಟ್ಟಿಲಿಗೂ ಕಂಬಕ್ಕೂ ನಡುವೆ ಸಿಕ್ಕಿಹಾಕಿಕೊಂಡಿತು. ಎರಡು ಪಕ್ಕದ ಬಾಗಿಲುಗಳೂ ತೆರೆಯಲಿಲ್ಲ. ಹಿಂಬಾಗಿಲಿಂದ ಇಳಿದವರಿಗೆ ಗಾಡಿಯನ್ನು ದಾಟಿ ಮುಂದೆ ಬರಲು ಒಂದು ಗೇಣು ಜಾಗವಿರಲಿಲ್ಲ. ಆ ತುದಿಯಿಂದ ಸುತ್ತಿ ಬರೋಣವೆಂದರೆ ಗೋದಾಮಿನ ಗೋಡೆ.

ಎದೆ ಹಿಡಿದುಕೊಂಡು ಕೂತಿದ್ದವರು ಅತ್ತಿಗೆ. ಫೋನು ಮಾಡಿದ್ದು ಇಸ್ತ್ರಿಯವನು. ಬಟ್ಟೆ ಕೊಡಲು ಹೋದವನು ಅವರು ಯಂತ್ರದ ಮೇಲೆ ಒರಗಿರುವುದನ್ನು ನೋಡಿದ್ದ. ಗಾಡಿ ಮನೆಯವರೆಗೆ ಬರುವುದಿಲ್ಲ ಎಂದಾದಾಗ ಅವನು, ಇನ್ನಿಬ್ಬರು ಸೇರಿ ಅತ್ತಿಗೆಯನ್ನು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದು, ಗಾಡಿಯ ಮೂತಿಯ ಮುಂದೆ ಇಳಿಸಿದರು. ಅತ್ತಿಗೆ ಈ ಕಡೆ, ಆಮ್ಲಜನಕದ ಸಿಲಿಂಡರು ಆ ಕಡೆ. ಮೇಲಿಂದ ಹತ್ತಿಸಿ ದಾಟಿಸಲು ಆ ಸ್ಥಿತಿಯಲ್ಲಿ ಯಾರಿಗೂ ಧೈರ್ಯ ಬರಲಿಲ್ಲ. ಒಬ್ಬ ಸಹಾಯಕ ಗಾಡಿಯ ಅಡಿಯಲ್ಲಿ ತೆವಳಿಕೊಂಡು ಬಂದನಂತೆ, ಸಿಲಿಂಡರು ಬರಲಿಲ್ಲ. ಡ್ರೈವರಿಗೆ ಗಾಜಿನೊಳಗಿಂದ ಅವರ ಮುಖ ಕಾಣುತ್ತಿತ್ತಂತೆ. ಹಿಂದೆ, ಮುಂದೆ, ಹಿಂದೆ, ಮುಂದೆ ಎಂದು ಗಾಡಿ ಬಿಡಿಸಿಕೊಳ್ಳಲು ಇಪ್ಪತ್ತೆರಡು ನಿಮಿಷ ಹಿಡಿಯಿತು. ಅಷ್ಟರಲ್ಲಿ ಅತ್ತಿಗೆಯ ತಲೆ ಇಸ್ತ್ರಿಯವನ ಹೆಗಲ ಮೇಲೆ ವಾಲಿತ್ತು.

ಅಣ್ಣನಿಗೆ ಸುದ್ದಿ ಮುಟ್ಟಿ ಅವರು ಬರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು. ಅಳೆಯಲು ಹೋದವರು ಹಾಗೆಯೇ ಬಂದಿದ್ದರು, ಗಳ ಹೆಗಲ ಮೇಲೆಯೇ ಇತ್ತು. ಜನ ದಾರಿ ಬಿಟ್ಟರು. ಅವರು ತಿರುವಿನ ಬಳಿ ನಿಂತು, ಕಂಬದ ಮೇಲೆ ಗಾಡಿ ಉಜ್ಜಿದ ಬಿಳಿ ಬಣ್ಣ ನೋಡಿದರು. ಆಮೇಲೆ ಗಳವನ್ನು ಎರಡು ಕೈಯಲ್ಲಿ ಅಡ್ಡ ಹಿಡಿದು ಒಂದು ಹೆಜ್ಜೆ ಮುಂದಿಟ್ಟರು. ಗಳ ಒಂದು ಕಡೆ ಮೆಟ್ಟಿಲಿಗೆ, ಇನ್ನೊಂದು ಕಡೆ ಕಂಬಕ್ಕೆ ಬಡಿದು ನಿಂತಿತು. ಅವರೂ ನಿಂತರು. ಎಷ್ಟು ಹೊತ್ತು ಹಾಗೆ ನಿಂತಿದ್ದರೋ, ನಾನೇ ಹೋಗಿ ಕೈಯಿಂದ ಗಳ ಬಿಡಿಸಿದೆ. ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರೆ. ನನಗೆ ಬುದ್ಧಿ ಬಂದರೂ ಬಾಯಿ ಬರಲಿಲ್ಲ. ಒಂದು ತಿಂಗಳ ಮೇಲೆ ವಿಚಾರಣೆ ನಡೆಯಿತು. ತಪ್ಪೆಲ್ಲ ಡ್ರೈವರಿನದು, ಕಣ್ಣಿದ್ದೂ ಕಿರಿದಾದ ದಾರಿಗೆ ನುಗ್ಗಿಸಿದ ಎಂದು ಅವನ ಕೆಲಸ ತೆಗೆಯುವುದೆಂದು ಮೇಲಿನವರು ಆಗಲೇ ನಿರ್ಧರಿಸಿದ್ದ ಹಾಗಿತ್ತು. ಅವನು ಕೈಕಟ್ಟಿ ನಿಂತು, “ನಾನು ಕೇಳಿದ್ದೆ ಸಾರ್, ರಸ್ತೆ ಕಚೇರಿಯವರೇ ಹೋಗುತ್ತೆ ಅಂದ್ರು,” ಎಂದು ಅದೊಂದನ್ನೇ ಹೇಳುತ್ತಿದ್ದ.

“ಯಾರು ಹಾಗೆ ಹೇಳಿದ್ದು?” ಎಂದು ಅಧಿಕಾರಿ ನಮ್ಮ ಕಡೆ ತಿರುಗಿದರು.

ನಾನು ಎದ್ದು ನಿಲ್ಲುವ ಮೊದಲೇ ಅಣ್ಣ ಎದ್ದರು.

“ಫೋನು ಎತ್ತಿದವರು ಪಟ್ಟಿ ನೋಡಿ ಹೇಳಿದ್ದಾರೆ. ಪಟ್ಟಿ ನನ್ನದು. ಅದು ಲೇನ್ ಅಂತ ಗೊತ್ತಿದ್ದೂ ನಾನು ರೋಡ್ ಅಂತ ಬರೆದೆ. ಗಳ ಹಿಡಿದು ನಡೆದಿರಲಿಲ್ಲ. ಡ್ರೈವರ್ ತಪ್ಪು ಏನೂ ಇಲ್ಲ.”

“ಯಾಕೆ ಹಾಗೆ ಬರೆದ್ರಿ?”

ಅತ್ತಿಗೆಯ ಆಸೆಯನ್ನು ಆ ಜನರ ಮುಂದೆ ಹೇಳಲು ಅವರಿಗೆ ಮನಸ್ಸಾಗಲಿಲ್ಲ. ನನ್ನ ಕಡೆ ಒಂದು ಸಲವೂ ನೋಡಲಿಲ್ಲ. ಡ್ರೈವರಿನ ಕೆಲಸ ಉಳಿಯಿತು. ಅಣ್ಣನನ್ನು ನಕ್ಷೆ ಕೋಣೆಯಿಂದ ತೆಗೆದು ಕೆಳಗಿನ ಟಪಾಲು ಮೇಜಿಗೆ ಹಾಕಿದರು. ಊರಿನ ದಾರಿಗಳೆಲ್ಲ ಅಂಗೈಯಲ್ಲಿದ್ದ ಮನುಷ್ಯ ನಿವೃತ್ತಿಯವರೆಗಿನ ಮೂರು ವರ್ಷ ಲಕೋಟೆಗಳಿಗೆ ಅಂಟು ಹಚ್ಚುತ್ತಾ ಕೂತರು. ಮಧ್ಯಾಹ್ನ ನಾನು ಕೆಳಗಿಳಿದು ಹೋಗಿ ಜೊತೆಯಲ್ಲಿ ಉಣ್ಣುತ್ತಿದ್ದೆ. ‘ಅಣ್ಣಾ, ಆ ಫೋನು…’ ಎಂದು ಎಷ್ಟೋ ಸಲ ಶುರು ಮಾಡಿದ್ದೇನೆ. “ಉಪ್ಪು ಕೊಡಮ್ಮ,” ಎಂದು ಮಾತು ಬದಲಿಸುತ್ತಿದ್ದರು. ನನ್ನನ್ನು ಒಂದು ಸಲವಾದರೂ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಕೋಣೆ ಬಿಡುವ ಮೊದಲು ಅವರು ಮಾಡಿದ ಕೊನೆಯ ಕೆಲಸ ಪಟ್ಟಿ ತಿದ್ದಿದ್ದು. ಅಗಲ: ಏಳೂಕಾಲು ಅಡಿ. ಹದಿನೇಳನೇ ಲೇನ್. ಅದಕ್ಕೆ ನೆರೆಯವರು ಹರಿಹಾಯ್ದರು. ಒಂದು ಮನೆಯಲ್ಲಿ ಆಗಲೇ ಲಗ್ನಪತ್ರಿಕೆ ಅಚ್ಚಾಗಿತ್ತು, ಇನ್ನೊಬ್ಬರು ಮನೆ ಬಾಡಿಗೆಗೆ ಕೊಡುವವರಿದ್ದರು. “ಹೆಂಡ್ತಿ ಹೋದ್ಲು ಅಂತ ನಮ್ಮ ಮರ್ಯಾದೆನೂ ತೆಗೀತೀರಾ?” ಎಂದು ಬಾಗಿಲಲ್ಲಿ ನಿಂತು ಕೂಗಾಡಿದವರೂ ಇದ್ದರು. ಸತ್ತ ಮನೆಯ ಮುಂದೆ ಆಡುವ ಮಾತೇ ಅದು? ನಾನಾಗಿದ್ದರೆ ಪೊರಕೆ ತೆಗೆದುಕೊಳ್ಳುತ್ತಿದ್ದೆ. ಅಣ್ಣ ಬಾಗಿಲಿನ ಬೋರ್ಡು ಇಳಿಸಿ, ‘ರೋಡ್’ ಅನ್ನು ಅಳಿಸಿ, ತಮ್ಮ ನಕ್ಷೆಯ ದುಂಡು ಅಕ್ಷರದಲ್ಲಿ ‘ಲೇನ್’ ಎಂದು ಬರೆದು ಮತ್ತೆ ತೂಗುಹಾಕಿದರು. ಹೊಲಿಯುವವರು ಇಲ್ಲದ ಮನೆಗೆ ಹೊಲಿಗೆಯ ಬೋರ್ಡು.

ನಿವೃತ್ತರಾದ ಮೇಲೆ ಅವರಿಗೆ ಒಂದು ಅಭ್ಯಾಸ ಹತ್ತಿತು. ಬೆಳಿಗ್ಗೆ ಲೇನಿನ ಬಾಯಲ್ಲಿ ಕುರ್ಚಿ ಹಾಕಿಕೊಂಡು ಕೂರುವುದು. ಸಾಮಾನು ತುಂಬಿದ ವ್ಯಾನು, ಟ್ಯಾಕ್ಸಿ, ಯಾವುದೇ ಗಾಡಿ ಒಳಗೆ ತಿರುಗಿದರೆ ಕೈ ಅಡ್ಡ ಹಿಡಿಯುವುದು. “ಇದು ಲೇನಪ್ಪ. ಇಲ್ಲೇ ನಿಲ್ಲಿಸಿ, ಇಳಿದು ನಡೀರಿ.” ಕೆಲವರು ನಗುತ್ತಿದ್ದರು, ಕೆಲವರು ಮುದುಕನಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದರು. ಇಸ್ತ್ರಿಯವನು ಮಾತ್ರ ದಿನಾ ಆ ಕುರ್ಚಿಯನ್ನು ತಾನೇ ತಂದು ಹಾಕಿ, ಮಧ್ಯಾಹ್ನ ತಾನೇ ಒಳಗೆ ತೆಗೆದುಕೊಂಡು ಹೋಗುತ್ತಿದ್ದ. ಅದು ಅತ್ತಿಗೆಯನ್ನು ಹೊತ್ತು ತಂದ ಕುರ್ಚಿಯೇ ಎಂದು ನಾನು ಕೇಳಲಿಲ್ಲ, ಅವನು ಅದನ್ನು ಎತ್ತುವ ರೀತಿ ನೋಡಿದರೆ ಗೊತ್ತಾಗುತ್ತಿತ್ತು.

ನಾಲ್ಕು ವರ್ಷ ಹೀಗೆ ಕಳೆಯಿತು. ಕಳೆದ ಚಳಿಗಾಲದಲ್ಲಿ ಒಂದು ದಿನ ಮಧ್ಯಾಹ್ನ ಅಣ್ಣ ಮನೆಯೊಳಗೆ ಕುಸಿದು ಬಿದ್ದರು. ಎದೆಯೇ. ಈ ಸಲವೂ ಫೋನು ಮಾಡಿದ್ದು ಇಸ್ತ್ರಿಯವನೇ. ಗಾಡಿ ಬಂತು. ಪಟ್ಟಿಯಲ್ಲಿ ಲೇನ್ ಎಂದಿತ್ತು. ಬಾಯಲ್ಲೇ ನಿಂತಿತು. ಇಬ್ಬರು ಸ್ಟ್ರೆಚರ್ ಹಿಡಿದು, ಒಬ್ಬ ಸಿಲಿಂಡರ್ ಹೆಗಲಿಗೆ ಏರಿಸಿಕೊಂಡು ಓಡಿದರು. ಇಸ್ತ್ರಿಯವನ ಅಂಗಡಿಯಲ್ಲಿ ಗೋಡೆ ಗಡಿಯಾರವಿದೆ. ಓಡುವವರು ಅಂಗಡಿಯನ್ನು ದಾಟಿ ಹೋದದ್ದು, ಅಣ್ಣನನ್ನು ಮಲಗಿಸಿಕೊಂಡು ಮತ್ತೆ ದಾಟಿ ಬಂದದ್ದು, ಎರಡನ್ನೂ ಅವನು ನೋಡಿದ್ದಾನೆ.

“ಗಾಡಿ ನಿಂತಾಗಿಂದ ಮೂಗಿಗೆ ಗಾಳಿ ಹಾಕೋವರೆಗೆ ಎರಡು ನಿಮಿಷ ಅಕ್ಕಾ,” ಎಂದ ನನ್ನ ಹತ್ತಿರ ಆಸ್ಪತ್ರೆಯ ವರಾಂಡದಲ್ಲಿ. “ಮತ್ತೆ ಗಾಡಿಗೆ ಹತ್ತಿಸೋಕೆ ಮೂರು.” ಹೇಳಿ ಮುಖ ಆ ಕಡೆ ತಿರುಗಿಸಿಕೊಂಡ. ಅವನೂ ಅತ್ತಿಗೆಯ ಆ ಇಪ್ಪತ್ತೆರಡು ನಿಮಿಷವನ್ನೇ ಯೋಚಿಸುತ್ತಿದ್ದ.

ಮೂರನೆಯ ದಿನ ನನ್ನನ್ನು ಒಳಗೆ ಬಿಟ್ಟರು. ಅಣ್ಣನ ಮೂಗಿಗೆ ಕೊಳವೆ, ಕೈಗೆ ಸೂಜಿ. ಡಾಕ್ಟರು, ಇನ್ನು ಭಯವಿಲ್ಲ, ಸಮಯಕ್ಕೆ ಸರಿಯಾಗಿ ತಂದಿರಿ ಎಂದಿದ್ದರು. ನಾನು ಆ ಸಂತೋಷದಲ್ಲಿ ಏನೇನೋ ಮಾತಾಡಿದೆ. ಅವರು ಚಾವಣಿ ನೋಡುತ್ತಾ ಮಲಗಿದ್ದರು.

“ಗಾಡಿ ಬಾಯಲ್ಲೇ ನಿಂತಿತ್ತಾ?”

“ಹೂಂ ಅಣ್ಣ.”

“ನನ್ನ ಹತ್ರ ಬರೋಕೆ ಎಷ್ಟು ಹೊತ್ತಾಯ್ತಂತೆ?”

ಅವತ್ತೂ ಗಾಡಿ ಬಾಯಲ್ಲೇ ನಿಂತಿದ್ದರೆ ಅತ್ತಿಗೆ ಉಳಿಯುತ್ತಿದ್ದರೇ ಎಂದು ಅವರು ಅಳೆಯಲು ಹೊರಟಿರುವುದು ನನಗೆ ಗೊತ್ತಾಯಿತು. ಆ ಫೋನಿನ ದಿನದ ಹಾಗೆಯೇ ಎರಡು ಉಸಿರಿನಷ್ಟು ಹೊತ್ತು. ಅವತ್ತೂ ಇವರನ್ನು ಕಾಪಾಡುತ್ತೇನೆಂದುಕೊಂಡೇ ಸುಳ್ಳು ಹೇಳಿದ್ದೆ. ಬುದ್ಧಿ ಕಲಿಯದ ಹೆಂಗಸು ನಾನು.

“ತುಂಬಾ ಹೊತ್ತಾಯ್ತಂತೆ ಅಣ್ಣ. ಹದಿನೈದು ನಿಮಿಷ ಆಗಿರಬೇಕು. ನಿಮ್ಮ ಅದೃಷ್ಟ ದೊಡ್ಡದು.”

ಅವರು ನನ್ನ ಕಡೆ ತಿರುಗಿದರು. ವಿಚಾರಣೆಯ ದಿನ ನೋಡದೆ ಉಳಿಸಿಕೊಂಡಿದ್ದ ನೋಟವನ್ನು ಈಗ ನೋಡಿದರು. ಅದರಲ್ಲಿ ಸಿಟ್ಟಿರಲಿಲ್ಲ. ಸೂಜಿ ಚುಚ್ಚಿದ್ದ ಕೈಯನ್ನು ನಿಧಾನವಾಗಿ ಎತ್ತಿ ನನ್ನ ಕೈ ಮೇಲಿಟ್ಟರು.

“ಬಾಯಿಂದ ನಮ್ಮ ಬಾಗಿಲಿಗೆ ಇನ್ನೂರ ಹತ್ತಡಿ ಕಣಮ್ಮ,” ಎಂದರು. “ಹದಿನೈದು ನಿಮಿಷ ಬೇಕಾಗಲ್ಲ.”